ಕೀಲುವಾತದವರ ಬಾಯನ್ನೂ ಒಮ್ಮೆ ನೋಡಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ರಾಜ್ಯದ ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಮ್ಮಮ್ಮನಿಗೆ ಮುದ್ದೆ ಇಳಿಯದೇ ಹೋದ ದಿನ ಮನೆಯವರಿಗೆಲ್ಲ ಗಾಬರಿಯಾಯಿತು. ಹಲ್ಲಿಲ್ಲದವರೂ ನುಂಗುವ ಊಟ ಅದು, ಅಲ್ವಾ? ಸಾರಲ್ಲಿ ಹೊರಳಿಸಿ ಕೊಟ್ಟರೂ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಬಾಯಲ್ಲಿ ಜೊಲ್ಲೇ ಇರಲಿಲ್ಲ.

ಅಮ್ಮನಿಗೆ ರುಮಟಾಯ್ಡ್ ಕೀಲುವಾತ. ಆಸ್ಪತ್ರೆಗೆ ಹೋದಾಗಲೆಲ್ಲ ಬೆರಳು, ಮಣಿಕಟ್ಟು, ಮಂಡಿ ನೋಡಿ ಕಳಿಸುತ್ತಿದ್ದರು. 'ಬಾಯಿ ತೆಗೀರಮ್ಮ' ಅಂತ ಒಬ್ಬರೂ ಹೇಳಲಿಲ್ಲ. ಕೀಲಿಗೂ ಬಾಯಿಗೂ ಎಲ್ಲಿಯ ನಂಟು ಅಂತ ನಾವೂ ಸುಮ್ನಿದ್ದೆವು.

ನಂಟು ಇದೆ ಸ್ವಾಮಿ. ಮೈ ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ ಇದು. ಕೆಲವರಲ್ಲಿ ಜೊಲ್ಲಿನ ಗ್ರಂಥಿಗಳನ್ನೂ ಬಿಡುವುದಿಲ್ಲ. ಅದಕ್ಕೆ ಶೋಗ್ರೆನ್ ಅಂತ ಹೆಸರು. ಬಾಯಿ ಒಣಗಿದರೆ ಹಲ್ಲು ಬೇಗ ಹುಳುಕಾಗುತ್ತದೆ. ಕಿವಿಯ ಮುಂದಿರುವ ದವಡೆಯ ಕೀಲೂ ಕೀಲೇ ತಾನೇ, ಅದೂ ನೋಯುತ್ತದೆ. ವಸಡಿನ ರೋಗವಂತೂ ಇವರಲ್ಲಿ ಜಾಸ್ತಿ. ಬೆರಳು ಮಡಚಲಾಗದವರು ಬ್ರಷ್ ಹಿಡಿಯುವುದಾದರೂ ಹೇಗೆ? ಆದರೆ ಅದೊಂದೇ ಕಾರಣವಲ್ಲ. ವಸಡಿನ ಸಂದಿಯಲ್ಲಿ ಬೆಳೆಯುವ ಪೋರ್ಫಿರೋಮೋನಾಸ್ ಜಿಂಜಿವ್ಯಾಲಿಸ್ ಎಂಬ ಬ್ಯಾಕ್ಟೀರಿಯಾ ನಮ್ಮ ಪ್ರೋಟೀನುಗಳ ರೂಪವನ್ನೇ ಬದಲಿಸಬಲ್ಲದು. ಕೀಲುವಾತಕ್ಕೆ ಮಾಡಿಸುವ ಆಂಟಿ-ಸಿಸಿಪಿ ರಕ್ತಪರೀಕ್ಷೆ ಹುಡುಕುವುದು ಹಾಗೆ ಬದಲಾದ ಪ್ರೋಟೀನಿನ ವಿರುದ್ಧ ಮೈ ಕಾಯುವ ಶಕ್ತಿ ಹುಟ್ಟಿಸಿದ ಪ್ರತಿಕಾಯಗಳೆಂಬ ಅಸ್ತ್ರಗಳನ್ನೇ. ಕೆಲವರಲ್ಲಿ ರೋಗ ವಸಡಿನಿಂದಲೇ ಶುರುವಾಗುತ್ತದೆಯೇ ಅಂತ ವಿಜ್ಞಾನಿಗಳು ಹುಡುಕುತ್ತಿರುವುದು ಇದಕ್ಕೇ.

ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ಸರ್ಕಾರ ದಂತ ಭಾಗ್ಯ ಯೋಜನೆ ತಂದಿತು. ಒಳ್ಳೆಯ ಕೆಲಸ. ಆದರೆ ಪೂರ್ತಿ ಸೆಟ್ ವಸಡಿನ ಮೇಲೆ ಕಚ್ಚಿ ನಿಲ್ಲಲು ಜೊಲ್ಲು ಬೇಕು. ಒಣಬಾಯಲ್ಲಿ ಅದು ಜಾರುತ್ತದೆ, ಉಜ್ಜಿ ಹುಣ್ಣು ಮಾಡುತ್ತದೆ. ಇವರಿಗೆ ಹಲ್ಲು ಹೋದ ಮೇಲೆ ಸೆಟ್ ಕೊಡುವುದಕ್ಕಿಂತ ಇರುವ ಹಲ್ಲು ಉಳಿಸುವುದೇ ಮೇಲು.

ಅದಕ್ಕೆ ಹೊಸ ಯೋಜನೆಯೇನೂ ಬೇಡ. ಕೀಲುವಾತ ಅಂತ ಚೀಟಿಯಲ್ಲಿ ಬರೆದ ದಿನವೇ ಹಲ್ಲಿನ ಡಾಕ್ಟರ ಹತ್ತಿರವೂ ಕಳಿಸಿ ಎಂದು ಸರ್ಕಾರಿ ಆಸ್ಪತ್ರೆಗಳಿಗೆ ಒಂದು ಸುತ್ತೋಲೆ ಹೊರಡಿಸಿ. ಜೊತೆಗೆ ಇನ್ನೊಂದು. ಈ ರೋಗಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದು ದಿನ ಮಾತ್ರ ನುಂಗುವಂಥದ್ದು. ಮರೆತು ದಿನಾ ನುಂಗಿದರೆ ಬಾಯಿತುಂಬ ಹುಣ್ಣೇಳುತ್ತದೆ, ಜೀವಕ್ಕೂ ಅಪಾಯ. ಕವರಿನ ಮೇಲೆ 'ಸೋಮವಾರ ಮಾತ್ರ' ಅಂತ ಕನ್ನಡದಲ್ಲಿ ದಪ್ಪಗೆ ಬರೆದುಕೊಡಲು ಎಷ್ಟು ಹೊತ್ತು ಬೇಕು?

ಅಮ್ಮನ ಬ್ರಷ್ಷಿನ ಹಿಡಿಗೆ ಹಳೇ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟಿದ್ದೇನೆ. ಈಗ ಅವರೇ ಹಿಡಿದು ಉಜ್ಜಿಕೊಳ್ಳುತ್ತಾರೆ. ಆ ಉಪಾಯ ಹೇಳಿಕೊಟ್ಟದ್ದು ಪಕ್ಕದ ಮನೆಯ ಅಜ್ಜಿ.

ಇಂತಿ,
ಕೀಲುವಾತದ ತಾಯಿಯೊಬ್ಬರ ಮಗಳು