ಮಲೇರಿಯಾ ಪತ್ತೆ ಮತ್ತು ಚಿಕಿತ್ಸಾ ಅಧ್ಯಯನ: ಗುಂಪಿನ ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಕಾಡಿನಲ್ಲಿ ರಾತ್ರಿ ತಂಗುವವರು, ಗಣಿ ಕಾರ್ಮಿಕರು ಹಾಗೂ ಕೆಲಸ ಅರಸಿ ಊರಿಂದೂರಿಗೆ ಹೋಗುವವರು ಆರೋಗ್ಯ ಕೇಂದ್ರಕ್ಕೆ ಬರಲೆಂದು ಕಾಯದೆ, ಅವರ ನಡುವಿನವರೇ ಆದ ತರಬೇತಿ ಪಡೆದ ಕಾರ್ಯಕರ್ತರು ಅವರಿರುವಲ್ಲಿಗೇ ಹೋಗಿ ಪರೀಕ್ಷಿಸುವುದು ನಮ್ಮ ಅಧ್ಯಯನದ ಜೀವಾಳ. ಜ್ವರವಿಲ್ಲದವರ ರಕ್ತದಲ್ಲೂ ಪರಾವಲಂಬಿ ಇರಬಹುದಾದ್ದರಿಂದ ಒಪ್ಪಿಗೆ ನೀಡಿದ ಎಲ್ಲರನ್ನೂ ಪರೀಕ್ಷಿಸಿ. ಅಧ್ಯಯನಕ್ಕೆ ಸೇರಲಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು, ಇದರಲ್ಲಿ ರಾಜಿಯಿಲ್ಲ.

ಮಲೇರಿಯಾ ಪರಾವಲಂಬಿ ಹೊರಸೂಸುವ ಎಚ್‌ಆರ್‌ಪಿ2 ಎಂಬ ಪ್ರೋಟೀನನ್ನು ರಕ್ತದಲ್ಲಿ ಗುರುತಿಸುವ ಕ್ಷಿಪ್ರ ಪರೀಕ್ಷಾ ಕಿಟ್‌ಗಳು ಚಿಕಿತ್ಸೆ ಮುಗಿದು ಕೆಲವು ವಾರಗಳಾದ ಮೇಲೂ ಪಾಸಿಟಿವ್ ತೋರಿಸುವುದುಂಟು. ಹಾಗಾಗಿ ಇತ್ತೀಚೆಗೆ ಮಲೇರಿಯಾ ಮಾತ್ರೆ ತೆಗೆದುಕೊಂಡವರ ವಿವರವನ್ನು ತಪ್ಪದೆ ನಮೂದಿಸಿ, ಸೂಕ್ಷ್ಮದರ್ಶಕ ಪರೀಕ್ಷೆಗಾಗಿ ಅವರ ರಕ್ತಲೇಪನವನ್ನೂ ಸಂಗ್ರಹಿಸಿ.

ಮಲೇರಿಯಾದ ಒಂದು ಬಗೆಯಾದ ವೈವಾಕ್ಸ್ ಪರಾವಲಂಬಿ ಯಕೃತ್ತಿನಲ್ಲಿ ಸುಪ್ತವಾಗಿ ಉಳಿದು, ತಿಂಗಳುಗಳ ನಂತರವೂ ಕಾಯಿಲೆಯನ್ನು ಮರುಕಳಿಸಬಲ್ಲದು. ಅದನ್ನು ತಡೆಯುವ ಪ್ರೈಮಾಕ್ವಿನ್ ಮಾತ್ರೆಗೆ, ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಲ್ಲಿ ಆ ಕಣಗಳನ್ನು ಒಡೆಯುವ ಅಪಾಯವಿರುವುದರಿಂದ, ಜಿ6ಪಿಡಿ ಪರೀಕ್ಷೆಯ ಫಲಿತಾಂಶ ನೋಡಿದ ವೈದ್ಯರ ಸೂಚನೆಯಿಲ್ಲದೆ ಮಾತ್ರೆ ಕೊಡಬೇಡಿ, ಗರ್ಭಿಣಿಯರಿಗಂತೂ ಕೊಡಲೇಬಾರದು. ಆರ್ಟೆಮಿಸಿನಿನ್ ಸಂಯೋಜಿತ ಚಿಕಿತ್ಸೆ (ಮೂರು ದಿನ ನುಂಗಬೇಕಾದ ಮಲೇರಿಯಾ ಮಾತ್ರೆಗಳು) ಪಡೆಯುವವರು ಮೊದಲ ದಿನವೇ ಜ್ವರ ಇಳಿಯಿತೆಂದು ಮಾತ್ರೆ ನಿಲ್ಲಿಸುವುದನ್ನು ನಾವೆಲ್ಲ ಬಲ್ಲೆವು. ದಯವಿಟ್ಟು 3ನೆಯ ದಿನವೂ ಅವರನ್ನು ಖುದ್ದಾಗಿ ಭೇಟಿ ಮಾಡಿ.

ಪ್ರಜ್ಞೆ ತಪ್ಪುವುದು, ಫಿಟ್ಸ್, ನಿಲ್ಲದ ವಾಂತಿ ಅಥವಾ ಕಪ್ಪು ಬಣ್ಣದ ಮೂತ್ರ ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಕಳುಹಿಸಿ, ಬಳಿಕ ಇಲ್ಲಿ ತಿಳಿಸಿ. ರೋಗಿಗಳ ಹೆಸರು, ಭಾವಚಿತ್ರ ಈ ಗುಂಪಿನಲ್ಲಿ ಬೇಡ. ಸಂಕೇತ ಸಂಖ್ಯೆಯನ್ನಷ್ಟೇ ಬರೆಯಿರಿ.