ಚಳಿಗಾಲದ ಕಲಿಕೆಗೂ ಜಾಗ ಕೊಡಿ

ಮಾನ್ಯರೇ,

ಶಿರಸಿ ಸೀಮೆಯಲ್ಲಿ ಅಡಿಕೆ ಕೊಯ್ಲು ಬಿರುಸಾಗುವುದು, ಯಕ್ಷಗಾನದ ತಿರುಗಾಟ ಕಳೆಕಟ್ಟುವುದು, ಹಿಮಾಲಯದ ಕಡೆಯಿಂದ ಬಂದ ಬೂದು ಸಿಪಿಲೆ ಹಕ್ಕಿ ತೋಟದ ಬಸಿಗಾಲುವೆಯಲ್ಲಿ ಬಾಲ ಕುಣಿಸುತ್ತ ಓಡಾಡುವುದು ಎಲ್ಲ ಈ ಚಳಿಗಾಲದಲ್ಲೇ. ಆದರೆ ಮಕ್ಕಳು ಮಂಜು ಸರಿಯುವ ಮೊದಲೇ ಬಸ್ಸು ಹತ್ತಿ, ಹೊತ್ತು ಕಂತುವಾಗ ಮನೆ ಸೇರುತ್ತಾರೆ. ರಜೆ ಸಿಗುವುದು ದಸರೆಗೆ, ಆಮೇಲೆ ಬೇಸಿಗೆಗೆ. ನಮ್ಮ ಇಬ್ಬರು ಮಕ್ಕಳಿಗೆ ನಾವು ಮನೆಯಲ್ಲೇ ಕಲಿಸುತ್ತಿರುವುದಕ್ಕೆ ಇದೂ ಒಂದು ಕಾರಣ.

‘ಮಕ್ಕಳ ಭವಿಷ್ಯ ಏನಾಗಬೇಕು?’ ಎಂದು ಕೇಳುವವರನ್ನೆಲ್ಲ ನಮ್ಮ ಅಂಗಳಕ್ಕೆ ಕರೆಯುತ್ತೇನೆ. ಚಾಲಿಗೆಂದು, ಅಂದರೆ ಸಿಪ್ಪೆ ಸಮೇತ ಬಿಸಿಲಲ್ಲಿ ಒಣಗಲೆಂದು, ಹರವಿದ ಹಣ್ಣಡಿಕೆಯಲ್ಲಿ ನೂರನ್ನು ಬೇರೆ ಇಟ್ಟು ಮಗ ವಾರಕ್ಕೊಮ್ಮೆ ತೂಗುತ್ತಾನೆ. ಮೊದಮೊದಲು ತೂಕ ಸರ್ರನೆ ಇಳಿದು, ಬರಬರುತ್ತ ಇಳಿತ ನಿಧಾನವಾಗಿ, ಕೊನೆಗೆ ಗ್ರಾಫ್ ಹಾಳೆಯಲ್ಲಿ ಗೆರೆ ಅಡ್ಡ ಮಲಗುತ್ತದೆ. ಮೋಡ ಕವಿದ ವಾರ ಗೆರೆ ಯಾಕೆ ಇಳಿಯಲಿಲ್ಲ ಎಂದು ಕೇಳಿದವನು ಅವನೇ. (ಮಕ್ಕಳನ್ನು ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ ಕೂರಿಸುವುದಿಲ್ಲ, ಅದು ದೊಡ್ಡವರ ಕೆಲಸ.) ಕೆಂಪಡಿಕೆ ಬೇಯಿಸಿ ಉಳಿದ ಕಂದು ನೀರಿನಲ್ಲಿ, ಅಂದರೆ ಚೊಗರಿನಲ್ಲಿ, ಮಗಳು ಚಿತ್ರ ಬರೆಯುತ್ತಾಳೆ. ಒಮ್ಮೆ ಬಳಿದರೆ ತೆಳುಗಂದು, ಒಣಗಿದ ಮೇಲೆ ಮತ್ತೆ ಬಳಿದರೆ ಕಡುಗಂದು. ಮಾರಿಕಾಂಬೆ ಗುಡಿಯ ಗೋಡೆಯಲ್ಲಿ ಕಾವಿ ಚಿತ್ರ ನೋಡಿ ಬಂದಾಗಿನಿಂದ, ಹಲಗೆಗೆ ಸುಣ್ಣ, ಅದರ ಮೇಲೆ ಕೆಮ್ಮಣ್ಣು ಬಳಿದು, ಮೊಳೆಯಿಂದ ಕೆರೆದು ಬಿಳಿ ಗೆರೆ ಎಬ್ಬಿಸುವುದರಲ್ಲಿ ಮುಳುಗಿದ್ದಾಳೆ.

ಸಂಜೆ ಯಕ್ಷಗಾನದ ತಾಳ. ರೂಪಕ ತಾಳಕ್ಕೆ ಆರು ಅಕ್ಷರ (ಎಣಿಕೆ), ಝಂಪೆಗೆ ಹತ್ತು. ಒಬ್ಬಳು ರೂಪಕ, ಇನ್ನೊಬ್ಬ ಝಂಪೆ ಹಿಡಿದು ಒಟ್ಟಿಗೆ ಶುರುಮಾಡಿದರೆ ಮತ್ತೆ ಎಲ್ಲಿ ಕೂಡುತ್ತದೆ? ತಪ್ಪಿ, ನಕ್ಕು, ಪುನಃ ಹಿಡಿದು ಕಡೆಗೆ ಮಗಳು ‘ಆಯಿ, ಮೂವತ್ತಕ್ಕೆ ಕೂಡ್ತು!’ ಎಂದು ಕೂಗಿದಳು. ಲಘುತಮ ಸಾಮಾನ್ಯ ಅಪವರ್ತ್ಯವನ್ನು ನಾನು ಬೇರೆ ಪಾಠ ಮಾಡಬೇಕಾಗಲಿಲ್ಲ. 1934ರಲ್ಲೇ ಕೆರೆಮನೆ ಯಕ್ಷಗಾನ ಮೇಳ ಕಟ್ಟಿದ ಜಿಲ್ಲೆ ನಮ್ಮದು. ಇಲ್ಲಿಯೂ ಈ ಕಲೆಯನ್ನು ಶಾಲಾ ವಾರ್ಷಿಕೋತ್ಸವದ ಒಂದು ರಾತ್ರಿಗೆ ಮೀಸಲಿಡುವುದು ಕಂಡರೆ ಸಂಕಟವಾಗುತ್ತದೆ.

ಎಲ್ಲರೂ ಶಾಲೆ ಬಿಡಿಸಲಿ ಎಂದು ನಾನು ಹೇಳುತ್ತಿಲ್ಲ. ಅಪ್ಪ-ಅಮ್ಮ ಇಬ್ಬರೂ ಕೂಲಿಗೆ ಹೋಗುವ ಮನೆಯ ಮಕ್ಕಳಿಗೆ ಶಾಲೆ, ಅಲ್ಲಿಯ ಬಿಸಿಯೂಟ ಎರಡೂ ಬೇಕೇ ಬೇಕು. ಮನೆಯಲ್ಲಿ ಒಬ್ಬರಾದರೂ ದಿನವಿಡೀ ಮಕ್ಕಳ ಜೊತೆ ಇರಲು ಸಾಧ್ಯವಿದ್ದರೆ ಮಾತ್ರ ಮನೆಯಲ್ಲಿ ಕಲಿಸುವುದು ನಡೆಯುವ ಮಾತು.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಕಲಿಯುವ ಹಕ್ಕು ಕೊಟ್ಟಿದೆ. ಮನೆಯಲ್ಲಿ ಕಲಿಯುವವರ ಬಗ್ಗೆ ಅದರಲ್ಲಿ ಮಾತೇ ಇಲ್ಲ. ಮುಂದೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿ ಪರೀಕ್ಷೆ ಬರೆಯುವ ದಾರಿ ಇದೆ. ಅಲ್ಲಿಯವರೆಗೆ ಈ ಮಕ್ಕಳು ಯಾವ ಲೆಕ್ಕಕ್ಕೂ ಸೇರದವರು. ಸಮೀಕ್ಷೆಗೆ ಬಂದವರು ನಮ್ಮ ಮಕ್ಕಳನ್ನು ‘ಶಾಲೆ ಬಿಟ್ಟವರು’ ಎಂದು ಬರೆದುಕೊಂಡು ಹೋದರು. ಮಗಳಿಗೆ ಅದು ಬಹಳ ನೋವು ಕೊಟ್ಟಿತು.

ಶಿಕ್ಷಣ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. ಸಮೀಕ್ಷೆಯ ನಮೂನೆಯಲ್ಲಿ ಮನೆಯಲ್ಲಿ ಕಲಿಯುವವರಿಗೆ ಬೇರೆಯೇ ಕಾಲಂ ಇರಲಿ. ಪ್ರತಿಭಾ ಕಾರಂಜಿಯ ಚಿತ್ರಕಲೆ, ಕಥೆ ಹೇಳುವ ಸ್ಪರ್ಧೆಗಳಲ್ಲಿ ಈ ಮಕ್ಕಳೂ ಭಾಗವಹಿಸುವಂತಾಗಲಿ, ಊರ ಶಾಲೆಯ ಗ್ರಂಥಾಲಯದಿಂದ ಪುಸ್ತಕ ಒಯ್ಯಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ ಬ್ಯಾಗಿಲ್ಲದ 10 ದಿನ ಇರಬೇಕೆಂದು ಹೇಳಿದೆ. ನಮ್ಮ ಕಡೆಯ ಶಾಲೆಗಳು ಆ ಹತ್ತು ದಿನವನ್ನು ಕೊಯ್ಲಿನ ಕಾಲಕ್ಕೆ ಇಟ್ಟುಕೊಳ್ಳುವುದಾದರೆ ಶಿಕ್ಷಕರು ಮಕ್ಕಳನ್ನು ನಮ್ಮ ತೋಟಕ್ಕೆ ಕರೆತರಲಿ. ತಕ್ಕಡಿ, ತಾಳ, ಚೊಗರು ಮೂರೂ ಸಿದ್ಧ ಇವೆ.

– ಒಬ್ಬ ತಾಯಿ, ಶಿರಸಿ ತಾಲ್ಲೂಕು