ಬೋಲ್ಟ್ ಹಾಕಿದ ಬೆಂಚು, ಗುಂಪು ಕಲಿಕೆ

ಮಾನ್ಯ ಸಂಪಾದಕರೇ,

‘ಇನ್ನು ಉಪನ್ಯಾಸವಿಲ್ಲ, ಸಮಸ್ಯೆ ಆಧಾರಿತ ಕಲಿಕೆ’ ಎಂಬ ನಿಮ್ಮ ಮೊನ್ನೆಯ ವರದಿ ಓದಿದೆ. ಫೋಟೊದಲ್ಲಿ ಎಂಟು ಹುಡುಗರು ದುಂಡು ಮೇಜಿನ ಸುತ್ತ ನಗುತ್ತಾ ಕೂತಿದ್ದಾರೆ. ಆ ಮೇಜು ನಮ್ಮ ಕಾಲೇಜಿನದಲ್ಲ. ನಮ್ಮಲ್ಲಿ ಬೆಂಚುಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದಾರೆ.

ಉಪನ್ಯಾಸ ಬಿಟ್ಟು, ಗುಂಪುಗಳಿಗೆ ಸಮಸ್ಯೆ ಕೊಟ್ಟು ಮಕ್ಕಳೇ ಉತ್ತರ ಹುಡುಕುವಂತೆ ಪಾಠ ಮಾಡಿ ಎಂಬ ಆದೇಶ ಕೈಗೆ ಬಂದಿದ್ದು ಸಂಜೆ ಐದಕ್ಕೆ. ಜಾರಿ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ. ನಿದ್ದೆಗೆಟ್ಟು ‘ಕೆರೆಯಲ್ಲಿ ಮೀನು ಸತ್ತಿವೆ, ಕಾರಣ ಹುಡುಕಿ’ ಎಂಬ ಸಮಸ್ಯೆ ಬರೆದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ ಅನ್ನುವಲ್ಲಿಗೆ ಮಕ್ಕಳು ತಾವೇ ಬರಲಿ ಅಂತ ನನ್ನಾಸೆ. ತರಗತಿಯಲ್ಲಿ 112 ಜನ, 16 ಗುಂಪು, ನಾನೊಬ್ಬ. ಮುಂದಿನ ಬೆಂಚಿನವರು ಹಿಂದೆ ತಿರುಗಿ ಕೂತು ಕತ್ತು ನೋವು ಅಂದರು. ಐದೇ ನಿಮಿಷಕ್ಕೆ ಒಬ್ಬ ಮೊಬೈಲ್ ನೋಡಿ ಉತ್ತರ ಕೂಗಿದ. ಉಳಿದ ಗುಂಪುಗಳು ಬರೆದುಕೊಂಡವು. ಪಕ್ಕದ ಕೋಣೆಯ ಮೇಡಂ ಗಲಾಟೆ ತಾಳದೆ ಎರಡು ಸಲ ಬಂದು ಹೋದರು. ಕೊನೆಗೆ ಒಬ್ಬಳು, ‘ಸರ್, ಇದು ಪರೀಕ್ಷೆಗೆ ಬರುತ್ತಾ?’ ಅಂದಳು. ಬರಲ್ಲ ಕಣಮ್ಮ. ಪರೀಕ್ಷೆಯಲ್ಲಿ ಈಗಲೂ ‘ಹೆನ್ರಿಯ ನಿಯಮ ಬರೆಯಿರಿ, ಎರಡು ಅಂಕ’ ಅಂತಲೇ ಇರುತ್ತದೆ (ದ್ರವದಲ್ಲಿ ಅನಿಲ ಎಷ್ಟು ಕರಗುತ್ತದೆ ಅನ್ನುವ ನಿಯಮ ಅದು). ಇಷ್ಟರ ಮೇಲೆ ತಲೆಗೆ ನಾಲ್ಕು ಪುಟದ ಮೌಲ್ಯಮಾಪನ ಫಾರಂ. ಒಟ್ಟು 448 ಪುಟ!

ನಾನು ಈ ಪದ್ಧತಿಯ ವೈರಿಯಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ 1969ರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಇದನ್ನು ಶುರು ಮಾಡಿದ್ದು ಸಣ್ಣ ಗುಂಪುಗಳಲ್ಲಿ, ಗುಂಪಿಗೊಬ್ಬ ಮಾರ್ಗದರ್ಶಕರನ್ನು ಕೊಟ್ಟು. ಈ ಪದ್ಧತಿಯ ಪರವಾಗಿ ಅಧಿಕಾರಿಗಳು ಹೇಳಿದ 2014ರ ಅಮೆರಿಕದ ಲೆಕ್ಕವೂ ನಿಜವೇ. 225 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಬರೀ ಉಪನ್ಯಾಸದ ತರಗತಿಗಳಲ್ಲಿ ಫೇಲಾದವರು ಸುಮಾರು ಶೇ 34, ವಿದ್ಯಾರ್ಥಿಗಳೇ ತಲೆ ಓಡಿಸುವ ತರಗತಿಗಳಲ್ಲಿ ಶೇ 22. ಆದರೆ ಪಾಠದ ನಡುವೆ ಪ್ರಶ್ನೆ ಹಾಕಿ ಎಲ್ಲರಿಂದ ಉತ್ತರ ತೆಗೆಸುವುದೂ ಅದರಲ್ಲಿ ಸೇರಿತ್ತು. ಅದನ್ನು ನಾನು ಯಾವ ಆದೇಶವೂ ಇಲ್ಲದೆ ವರ್ಷಗಳಿಂದ ಮಾಡುತ್ತಿದ್ದೇನೆ. ಮೋಲ್ (ರಸಾಯನಶಾಸ್ತ್ರದಲ್ಲಿ ವಸ್ತುವಿನ ಪ್ರಮಾಣ ಹೇಳುವ ಮೂಲಮಾನ) ಅಂದರೇನು ಅಂತ ಗೊತ್ತಿಲ್ಲದವರನ್ನು ಸುಮ್ನೆ ಗುಂಪಾಗಿ ಕೂರಿಸಿದರೆ ಏನನ್ನು ಚರ್ಚಿಸಬೇಕು?

ಇದೇ ಮಹನೀಯರು ಹಿಂದೆ ‘ಸ್ಮಾರ್ಟ್ ತರಗತಿ’ ಅಂತ ಪ್ರೊಜೆಕ್ಟರ್ ಕೊಟ್ಟರು. ಕೇಬಲ್ ಇವತ್ತಿಗೂ ಬಂದಿಲ್ಲ. ಲ್ಯಾಬಿನ ನಲ್ಲಿ ಸೋರುತ್ತಿದೆ ಅಂತ ಬರೆದಿದ್ದಕ್ಕೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬಂದು ಎರಡು ವರ್ಷವಾಯಿತು. ನಲ್ಲಿ ಇನ್ನೂ ಸೋರುತ್ತಿದೆ. ಅವರಿಗೂ ಗುಂಪು ಮಾಡಿ ಈ ಸಮಸ್ಯೆ ಕೊಡಬಹುದು, ಅಲ್ವಾ?

ಆದೇಶ ವಾಪಸ್ ತಗೊಳ್ಳಲಿ. ಇಲ್ಲವೇ ಬೆಂಚು ಕೀಳಿಸಿ, ಪ್ರಶ್ನೆಪತ್ರಿಕೆ ಬದಲಿಸಿ, ಇನ್ನೂ 15 ಜನ ಅಧ್ಯಾಪಕರನ್ನು ಕೊಡಲಿ. ಎರಡೂ ಆಗದಿದ್ದರೆ ಆ ಫಾರಂಗಳನ್ನಾದರೂ ಅವರೇ ಬಂದು ತುಂಬಲಿ.

– ನೊಂದ ರಸಾಯನಶಾಸ್ತ್ರ ಉಪನ್ಯಾಸಕ